ಎರಡನೇ ಸಲ ತೆಗೆದ ಪಿಚ್ಚರ್

ಟಾಕೀಸಿನಲ್ಲಿ ಕುಳಿತರೆ ನಮ್ಮ ಚಿಕ್ಕವ್ವ ಸೆರಗಿನ ತುದಿಯನ್ನು ಬಲಗೈಯ ತೋರುಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಪಿಚ್ಚರ್ ಮನಸ್ಸಿಗೆ ಹಿಡಿದರೆ ಸುತ್ತು ಬಿಗಿಯಾಗುತ್ತ ಹೋಗುತ್ತಿತ್ತು. ಬೆರಳ ತುದಿ ಮೊದಲು ಕೆಂಪಾಗಿ, ಆಮೇಲೆ ರಕ್ತವಿಲ್ಲದೆ ಬೆಳ್ಳಗಾಗುತ್ತಿತ್ತು. ಪರದೆಯ ಮೇಲೆ ಏನೋ ಸುಳ್ಳು ನಡೆದಿದೆ ಅನ್ನಿಸಿತೋ, ಸೆರಗು ತಾನಾಗಿಯೇ ಸಡಿಲಾಗಿ ತೊಡೆಯ ಮೇಲೆ ಬೀಳುತ್ತಿತ್ತು. ನಾನು ಎಡಕ್ಕೆ, ಅಕ್ಕ ಬಲಕ್ಕೆ. ಅರ್ಧ ಹೊತ್ತು ಪರದೆ ನೋಡುತ್ತಿದ್ದೆವು, ಅರ್ಧ ಹೊತ್ತು ಅವಳ ಬೆರಳು ನೋಡುತ್ತಿದ್ದೆವು. ಸೆರಗು ಬಿತ್ತೆಂದರೆ ಅಕ್ಕ ನನ್ನ ಕಡೆ ಬಗ್ಗಿ, 'ಮುಗೀತು, ಇದು ರಿಮೇಕು' ಎಂದು ಪಿಸುಗುಡುತ್ತಿದ್ದಳು. ಹತ್ತಕ್ಕೆ ಒಂಬತ್ತು ಸಲ ಅದು ಖರೆಯೇ ಆಗಿರುತ್ತಿತ್ತು.

ಅವಳಿಗೆ ಹೇಗೆ ತಿಳಿಯುತ್ತಿತ್ತೆಂದು ಬೆರಗಾಗುವಂಥದ್ದೇನೂ ಇಲ್ಲ. ಅವಳ ತವರು ಕುಂಚಾವರಂ ಆಚೆಗಿನ ಒಂದು ಸಣ್ಣ ಹಳ್ಳಿ. ಅಡವಿಯಲ್ಲಿ ಅಷ್ಟು ದೂರ ನಡೆದರೆ ಆಚೆ ತೆಲುಗು ನಾಡು. ಅಲ್ಲಿನವರಿಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಗಡಿಯಾಚೆ ಬಯಲಿನಲ್ಲಿ ಡೇರೆ ಹಾಕಿ ಪಿಚ್ಚರ್ ತೋರಿಸುತ್ತಿದ್ದರಂತೆ. ಅಲ್ಲಿ ಅವಳು ಅಸಲಿ ಪಿಚ್ಚರನ್ನು ತೆಲುಗಿನಲ್ಲಿ ನೋಡಿಬಿಟ್ಟಿರುತ್ತಿದ್ದಳು. ಅದೇ ಕತೆ ಕೆಲವು ವರ್ಷಗಳ ಮೇಲೆ ಕನ್ನಡದ ಉಡುಪು ತೊಟ್ಟು ಶಹಾಬಾದಿಗೋ ವಾಡಿಗೋ ಬಂದರೆ, ನಮಗೆ ಹೊಸದು, ಅವಳಿಗೆ ಹಳೇದು.

ಈಗ ನಾನು ಸೇಡಂನಲ್ಲಿ ಶಾಲೆಯ ಟೀಚರ್. ನಮ್ಮ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಸಿನಿಮಾದ ಮಾತೇ. ರಿಮೇಕುಗಳು ಯಾಕೆ ಅಸಲಿನ ಹತ್ತಿರಕ್ಕೂ ಬರುವುದಿಲ್ಲ ಎಂದು ಒಬ್ಬರು ಕೇಳುತ್ತಾರೆ. ಬಜೆಟ್ ಇಲ್ಲ ಅನ್ನುತ್ತಾರೆ ಗಣಿತದವರು. ಹೀರೋ ಸರಿಯಿಲ್ಲ ಅನ್ನುತ್ತಾರೆ ಡ್ರಿಲ್ ಮಾಸ್ತರರು. ಈಗ ಎಲ್ಲರೂ ಅಸಲಿಯನ್ನು ಮೊದಲೇ ಫೋನಿನಲ್ಲಿ ನೋಡಿರುತ್ತಾರಲ್ಲ, ಮತ್ತೆ ಯಾರು ನೋಡಬೇಕು ಅನ್ನುತ್ತಾರೆ ಇನ್ನೊಬ್ಬರು. ಎಲ್ಲವೂ ಇದ್ದೀತು. ನಾನು ಸುಮ್ಮನೆ ರೊಟ್ಟಿ ಮುರಿಯುತ್ತೇನೆ. ಈ ವಿಷಯದಲ್ಲಿ ನಾನು ಹೇಳಬಹುದಾದ ಒಂದೇ ಒಂದು ಮಾತೂ ನನ್ನದಲ್ಲ. ಅದನ್ನು ಹೇಳಿದವಳು ಹೋದ ವರ್ಷ ಬೇಸಿಗೆಯಲ್ಲಿ ತೀರಿಕೊಂಡಳು. ಅವಳ ಬಗ್ಗೆ ಬರೆಯಲು ಕುಳಿತರೆ ಏನೂ ಅನ್ನಿಸುತ್ತಿಲ್ಲ. ಕೈ ಮರಗಟ್ಟಿದಾಗ ಚಿವುಟಿ ನೋಡುತ್ತೇವಲ್ಲ, ಹಾಗೆ ಬರೆಯುತ್ತಿದ್ದೇನೆ.

ಚಿಕ್ಕವ್ವ ನಮ್ಮವ್ವನ ಬೆನ್ನಿಗೆ ಹುಟ್ಟಿದ ತಂಗಿ. ಅವ್ವ ಹೋದಾಗ ನಾನು ತೀರಾ ಸಣ್ಣವಳು, ಅವಳ ಮುಖ ನನಗೆ ಫೋಟೋದಲ್ಲಷ್ಟೇ ಗೊತ್ತು. ವರ್ಷ ತುಂಬುವ ಮೊದಲೇ ಹಿರಿಯರು ಕೂತು, ಮಕ್ಕಳ ಮೇಲೆ ಪರರ ಮನೆಯವಳು ಯಾಕೆ, ಅವರ ರಕ್ತದವಳೇ ಬರಲಿ ಎಂದು ತೀರ್ಮಾನಿಸಿ ತಂಗಿಯನ್ನು ಅಪ್ಪನಿಗೆ ಕೊಟ್ಟು ಮದುವೆ ಮಾಡಿದರು. ನಮ್ಮ ಕಡೆ ಇದು ನಡೆದುಬಂದ ರೂಢಿ, ಯಾರೂ ಹುಬ್ಬೇರಿಸಲಿಲ್ಲ. ಮದುವೆಯ ದಿನ ಅವಳ ಕೊರಳಿಗೆ ತಾಳಿಯ ಪಕ್ಕದಲ್ಲೇ ಒಂದು ಸಣ್ಣ ಬಂಗಾರದ ಬಿಲ್ಲೆಯನ್ನೂ ಕಟ್ಟಿದರು. ಅದು ಸತ್ತ ಮೊದಲ ಹೆಂಡತಿಯದು, ಅಂದರೆ ಅವಳ ಸ್ವಂತ ಅಕ್ಕನದು. ಸತ್ತವಳು ಸಿಟ್ಟಾಗಬಾರದೆಂದು ಹಾಗೆ ಕಟ್ಟುತ್ತಾರೆ. ಅವಳನ್ನು ಅವ್ವ ಎಂದು ಕರೆಯಬೇಕೆಂದು ಅಪ್ಪ ನಮಗೆ ತಾಕೀತು ಮಾಡಿದ್ದ. ಅವಳು ಬಂದ ವಾರದಲ್ಲೇ ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದು, ಚಿಕ್ಕವ್ವ ಅನ್ನಿ, ಬೇರೆ ಏನಂದರೂ ನಾನು ಓಗೊಡುವುದಿಲ್ಲ ಎಂದುಬಿಟ್ಟಳು. ಅಪ್ಪನ ಮಾತು ಅವಳು ಮೀರಿದ್ದು ಆ ಕಾಲಕ್ಕೆ ಅದೊಂದರಲ್ಲೇ.

ಉಳಿದಂತೆ ಆ ಮೊದಲ ವರ್ಷಗಳಲ್ಲಿ ಅವಳು ನಮ್ಮವ್ವನೇ ಆಗಿದ್ದಳು. ಅವ್ವನ ಸೀರೆ ಉಟ್ಟಳು. ಅವ್ವನ ಹಾಗೆ ತಲೆಗೆ ಸೆರಗು ಹೊದ್ದಳು. ಅಪ್ಪನಿಗೆ ಶಹಾಬಾದಿನ ಅಂಚಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿತ್ತು. ಮೈಯೆಲ್ಲ ಬಿಳೀ ಹುಡಿ ಮಾಡಿಕೊಂಡು ಮನೆಗೆ ಬಂದು ಊಟಕ್ಕೆ ಕುಳಿತರೆ, ಮೊದಲ ತುತ್ತಿಗೇ, 'ನಿಮ್ಮಕ್ಕ ಹುಣಸಿಹುಳಿ ಇಷ್ಟು ಹಾಕ್ತಿರಲಿಲ್ಲ' ಎನ್ನುತ್ತಿದ್ದ. ಬೈಗುಳವಲ್ಲ, ಅಪ್ಪ ಬೈಯುವ ಮನುಷ್ಯನೇ ಅಲ್ಲ. ಸುಮ್ಮನೆ ತಿಳಿಸುತ್ತಿದ್ದ. ಮರುದಿನ ಹುಳಿ ಕಡಿಮೆಯಾಗಿರುತ್ತಿತ್ತು. ಬಂಧುಗಳು ಬಂದರೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಥೇಟ್ ಆಕೆಯೇ, ನಡಿಗೆ ಸುದ್ದಾ ಆಕೆಯದೇ ಎಂದು ಹೊಗಳಿ ಚಹಾ ಕುಡಿದು ಹೋಗುತ್ತಿದ್ದರು. ಅವಳು ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಇಂಥವಳಿಗೆ ತನ್ನದು ಅಂತ ಇದ್ದದ್ದು ಪಿಚ್ಚರ್ ಒಂದೇ. ಅಪ್ಪ ಅದಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ರವಿವಾರ ಮಧ್ಯಾಹ್ನದ ಆಟಕ್ಕೆ ನಮ್ಮಿಬ್ಬರ ಕೈ ಹಿಡಿದು ಹೊರಟಳೆಂದರೆ ಅವಳ ನಡಿಗೆಯೇ ಬೇರೆ, ನಾವು ಓಡಬೇಕಾಗುತ್ತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಟೀಕೆ. ಒಂದು ಪಿಚ್ಚರಿನಲ್ಲಿ ನಾಯಕಿ ಬತ್ತಿದ ಬಾವಿಯ ಕಟ್ಟೆಯ ಮೇಲೆ ಕುಳಿತು, ನೀರಿಲ್ಲದ ಊರಿಗೆ ನನ್ನನ್ನು ಯಾಕೆ ಕೊಟ್ಟೆ ಅಪ್ಪಾ ಎಂದು ಅಳುತ್ತಾಳೆ. ಇದು ತೆಲುಗಿನಲ್ಲಿ. ಕನ್ನಡದಲ್ಲಿ ತೆಗೆದವರು ಚೆಂದ ಕಾಣಲೆಂದು ಅದನ್ನು ಹಸಿರು ಗುಡ್ಡಗಳ ನಡುವೆ ತೆಗೆದಿದ್ದರು. ನಾಯಕಿ ಅದೇ ಮಾತು ಹೇಳಿ ಅದೇ ಥರ ಅಳುತ್ತಾಳೆ, ಹಿಂದುಗಡೆ ಜಲಪಾತ ಧುಮುಕುತ್ತಿದೆ. ಚಿಕ್ಕವ್ವ ನಗಲೂ ಇಲ್ಲ. ಆ ಹುಡುಗಿಗೆ ಒಂದು ಬಿಂದಿಗೆ ಕೊಟ್ಟು ತಿರುಗಿ ನೋಡೆನ್ನಬೇಕಿತ್ತು ಅಂದಳು.

ಇನ್ನೊಂದರಲ್ಲಿ ಬಡ ಅಪ್ಪ ಮಕ್ಕಳಿಗೆಲ್ಲ ಬಡಿಸಿ, ತಳದಲ್ಲಿ ಉಳಿದ ಅಂಬಲಿಯನ್ನು ಬೆರಳಿನಿಂದ ಬಳಿದು, ಹೊಟ್ಟೆ ತುಂಬಿತು ಎನ್ನುತ್ತಾನೆ. ಕನ್ನಡದ ಅಪ್ಪ ಮೇಜಿನ ಮುಂದೆ ಕುರ್ಚಿಯ ಮೇಲೆ ಕುಳಿತು, ಥಳಥಳ ಹೊಳೆಯುವ ಪಾತ್ರೆಯನ್ನು ಬಳಿದು ಅದೇ ಮಾತು ಹೇಳಿದ. ಅವನ ಮನೆಯಲ್ಲಿ ಫ್ರಿಜ್ ಇತ್ತು. ಅದರ ಬಾಗಿಲು ತೆಗೆದು ನೋಡಬಾರದೇ ಎಂದು ಚಿಕ್ಕವ್ವ ಎಷ್ಟು ಗಟ್ಟಿಯಾಗಿ ಕೇಳಿದಳೆಂದರೆ ಮುಂದಿನ ಸಾಲಿನವರು ತಿರುಗಿದರು.

ಅಪ್ಪನ ಶೆಡ್ಡಿಗೆ ಬರುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು ಒಮ್ಮೆ ಇದೇ ಮಾತು ಬಂದಾಗ, ಹುಲಿ ಬಣ್ಣಕ್ಕೆ ಮೆಚ್ಚಿ ನರಿ ಮೈ ಸುಟ್ಟುಕೊಂಡಂತೆ ಈ ರಿಮೇಕಿನವರ ಕತೆ ಎಂದರು. ಚಿಕ್ಕವ್ವ ಚಹಾ ಕೊಡಲು ಬಂದವಳು ನಿಂತಳು.

'ನರಿ ತನ್ನ ಬಣ್ಣದಾಗ ಇದ್ರ ಅದೂ ಚಂದನೇ ಅದರಿ, ಮಾಸ್ತರ್' ಅಂದಳು.

ಮಾಸ್ತರರು ನಕ್ಕು ಚಹಾ ತೆಗೆದುಕೊಂಡರು. ಅವಳು ರಿಮೇಕುಗಳನ್ನೆಲ್ಲ ತೆಗಳುತ್ತಿದ್ದಳು ಅಂದುಕೊಳ್ಳಬೇಡಿ. ಒಂದು ಪಿಚ್ಚರನ್ನು ಅವಳು ಮೂರು ರವಿವಾರ ಹೋಗಿ ನೋಡಿದಳು. ತೆಲುಗಿನಲ್ಲಿ ಅದು ಗದ್ದೆಯ ಕತೆ, ಇಬ್ಬರು ಅಣ್ಣತಮ್ಮಂದಿರದು. ಕನ್ನಡದವರು ಅದನ್ನು ರೈಲ್ವೆ ಕ್ವಾರ್ಟರ್ಸಿಗೆ ತಂದು, ತಮ್ಮನ ಜಾಗದಲ್ಲಿ ತಂಗಿಯನ್ನಿಟ್ಟು, ಅಲ್ಲಿ ಅಳುವ ಜಾಗದಲ್ಲಿ ಇಲ್ಲಿ ಒಬ್ಬರಿಗೊಬ್ಬರು ಊಟ ಬಡಿಸುವಂತೆ ಮಾಡಿದ್ದರು. ಅವಳ ಬೆರಳು ಅವತ್ತು ಕೊನೆಯವರೆಗೂ ಬಿಳಿಚಿಕೊಂಡೇ ಇತ್ತು. ಇವರು ಆ ಕತೆ ಕೇಳಿದ್ದಾರೆ, ನೋಡಿಲ್ಲ ಎಂದಳು. ಕೇಳಿದವರು ತಮ್ಮ ಮನೆಯನ್ನು ನೆನೆಸಿಕೊಂಡು ಹೇಳುತ್ತಾರಂತೆ, ನೋಡಿದವರು ನೋಡಿದ್ದನ್ನೇ ತೋರಿಸಲು ಹೋಗುತ್ತಾರಂತೆ. ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಆಮೇಲೆ ಎಲ್ಲಿಯೂ ಓದಲಿಲ್ಲ, ಓದಿದ್ದೇನೂ ಕಡಿಮೆಯಿಲ್ಲ.

ನಾನು ಐದನೆಯದರಲ್ಲಿದ್ದಾಗ ವಾಡಿಗೆ ಒಂದು ಪಿಚ್ಚರ್ ಬಂತು. ಅದರ ಪೋಸ್ಟರ್ ನೋಡಿದ ದಿನದಿಂದ ಚಿಕ್ಕವ್ವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆ ಕತೆಯ ಅಸಲಿಯನ್ನು ಅವಳೂ ನಮ್ಮವ್ವನೂ ಹುಡುಗಿಯರಿದ್ದಾಗ ಗಡಿಯಾಚೆಯ ಡೇರೆಯಲ್ಲಿ, ಒಂದೇ ಚಾಪೆಯ ಮೇಲೆ ಕುಳಿತು ನೋಡಿದ್ದರು. ರೊಟ್ಟಿ ಬಡಿಯುತ್ತ ವಾರವಿಡೀ ನಮಗೆ ಅದನ್ನೇ ಹೇಳಿದಳು. ಮಗಳನ್ನು ಗಂಡನ ಮನೆಗೆ ಕಳಿಸುವ ದೃಶ್ಯ ಬಂದಾಗ ಡೇರೆಗೆ ಡೇರೆಯೇ ಅಳುತ್ತಿತ್ತಂತೆ, ನಮ್ಮವ್ವ ಒಬ್ಬಳು ಮಾತ್ರ ಕಿಸಕ್ಕನೆ ನಕ್ಕಳಂತೆ. ಯಾಕೆಂದರೆ ತೆರೆಯ ಮೇಲಿನ ಆ ಮಗಳು ಅಳುತ್ತಳುತ್ತಲೇ ಬಂಡಿಯಲ್ಲಿಟ್ಟ ಬುತ್ತಿಗಂಟನ್ನು ಒಮ್ಮೆ ಕದ್ದು ಮೂಸಿ ನೋಡಿದಳಂತೆ. ನಟಿಗೆ ಯಾರೋ ಹೇಳಿ ಮಾಡಿಸಿದ್ದಲ್ಲ, ಅವಳಿಗೆ ಖರೇನೇ ಹಸಿವಾಗಿರಬೇಕು ಎಂದು ಚಿಕ್ಕವ್ವನ ವಾದ. ಅಕ್ಕನಿಗೂ ನನಗೂ ಪಿಚ್ಚರ್ ಮುಖ್ಯವಾಗಿರಲಿಲ್ಲ. ನಮ್ಮವ್ವ ನಗುತ್ತಿದ್ದಳು ಎಂಬುದೇ ನಮಗೆ ಹೊಸ ಸುದ್ದಿ. ಫೋಟೋದಲ್ಲಿ ಅವಳು ನಕ್ಕಿರಲಿಲ್ಲ.

ಆ ಸಲ ಅಪ್ಪನೂ ಬಂದ. ಅಪ್ಪನ ಪಾಲುದಾರರ ಮನೆಯವರೂ ಬಂದರು, ಹೊಸ ಸೀರೆ, ಹೂವು, ಎಲ್ಲ. ಆ ದೃಶ್ಯ ಬಂತು. ಬಂಡಿ ಇತ್ತು, ಬುತ್ತಿಗಂಟು ಇತ್ತು. ನಾಯಕಿ ಅತ್ತಳು, ಕ್ಯಾಮೆರಾ ಹತ್ತಿರ ಬಂತು, ಅವಳು ಗಂಟನ್ನೆತ್ತಿ ಉದ್ದಕ್ಕೆ ಮೂಸಿ, ನಮ್ಮ ಕಡೆ ನೋಡಿ, ಮತ್ತೆ ಅತ್ತಳು. ಟಾಕೀಸಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಚಿಕ್ಕವ್ವ ಎದ್ದು ನಿಂತಳು. ಪಾಲುದಾರರ ಹೆಂಡತಿಯ ಮೊಣಕಾಲು ದಾಟಿಕೊಂಡು ಸಾಲಿನಿಂದ ಹೊರಬಿದ್ದು, ಬಾಗಿಲು ತೆರೆದು ಹೋಗೇಬಿಟ್ಟಳು. ಇಂಟರ್ವಲ್ಲಿಗೆ ಇನ್ನೂ ಹೊತ್ತಿತ್ತು.

ಮನೆಗೆ ಬಂದಮೇಲೆ ಅಪ್ಪ, ಮಂದಿಯ ಮುಂದೆ ನನ್ನ ಮಾನ ಕಳೆದೆ, ಏನಾಗಿತ್ತು ನಿನಗೆ ಎಂದು ಕೇಳಿದ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು.

'ಅವರು ಆಕಿ ಸೀರಿ ತಂದಾರ' ಅಂದಳು. 'ಆಕಿ ಮಾತು ತಂದಾರ. ಆಕಿ ಎಲ್ಲಿ ಅಳ್ತಾಳ, ಎಲ್ಲಿ ಮೂಸ್ತಾಳ, ಎಲ್ಲಾ ತಂದಾರ. ಮುಂದ ಏನಾಗ್ತದ ಅಂತ ಆಕಿಗೆ ಗೊತ್ತಿರಲಿಲ್ಲರಿ. ಇಕಿಗೆ ಎಲ್ಲಾ ಗೊತ್ತದ. ಗೊತ್ತಿದ್ದಾಕಿ ಹೆಂಗ ಬದುಕಬೇಕು?'

ಅಪ್ಪನಿಗೆ ಇದು ಪಿಚ್ಚರಿನ ಮಾತಾಗಿಯೇ ಕೇಳಿಸಿತು. ಇಷ್ಟಕ್ಕೆ ಎದ್ದು ಬರುವುದೇ ಎಂದು ತಲೆ ಕೊಡವಿ ಕೈಕಾಲು ತೊಳೆಯಲು ಹೋದ. ನನಗೂ ಪಿಚ್ಚರಿನ ಮಾತಾಗಿಯೇ ಕೇಳಿಸಿತು, ನನಗಿನ್ನೂ ಹತ್ತು ವರ್ಷ. ಅಕ್ಕ ಮಾತ್ರ ಹೋಗಿ ಅವಳ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತಳು. ಮರುದಿನ ಚಿಕ್ಕವ್ವ ಅವ್ವನ ಸೀರೆಗಳನ್ನೆಲ್ಲ ಒಗೆದು ಮಡಚಿ, ಬೇವಿನೆಲೆ ಇಟ್ಟು ಟ್ರಂಕಿಗೆ ಹಾಕಿದಳು, ನೀವಿಬ್ಬರು ದೊಡ್ಡವರಾದ ಮೇಲೆ ಉಡಿ ಅಂದಳು. ಆವತ್ತಿನ ಸಾರಿಗೆ ಕುಂಚಾವರಂ ಕಡೆಯವರು ಹಾಕುವಷ್ಟು ಹುಳಿ, ಅಷ್ಟೇ ಖಾರ. ಅಪ್ಪ ಮೊದಲ ತುತ್ತು ಬಾಯಿಗಿಟ್ಟು ತಲೆಯೆತ್ತಿದ. ಅವಳು ನೇರವಾಗಿ ನೋಡಿದಳು. ಅಪ್ಪ ತಲೆ ಬಗ್ಗಿಸಿ ಉಂಡ. ಮರುದಿನ ಅದೇ ಸಾರನ್ನು ಮತ್ತೊಂದು ಸೌಟು ಹಾಕಿಸಿಕೊಂಡನೇ ಎಂದು ನೀವು ಕೇಳಬಹುದು. ಇಲ್ಲ. ಹಾಗೆಲ್ಲ ಪಿಚ್ಚರಿನಲ್ಲಿ ಆಗುತ್ತದೆ. ನಮ್ಮ ಮನೆಯಲ್ಲಿ ಅಪ್ಪ ಸುಮ್ಮನಾದ, ಅವಳು ತನ್ನ ಹಾಗೆ ಅಡುಗೆ ಮಾಡುತ್ತ ಹೋದಳು, ವರ್ಷಗಳು ಕಳೆದವು.

ಅಕ್ಕನನ್ನು ಚಿತ್ತಾಪುರಕ್ಕೆ ಕೊಟ್ಟಿತ್ತು. ಒಳ್ಳೆಯ ಮನೆ, ಭಾವ ಪಾಪದ ಮನುಷ್ಯ. ನಾನು ಬಿ.ಎಡ್. ಮುಗಿಸಿದ ವರ್ಷ ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು, ಕೂಸು ಕುತ್ತಿಗೆ ನಿಲ್ಲಿಸುವ ಹೊತ್ತಿಗೆ ಅಕ್ಕ ಕಾಮಾಲೆಯಲ್ಲಿ ಹೋದಳು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಆ ದಿನಗಳಲ್ಲಿ ನಾನು ಏನು ಉಂಡೆ, ಯಾರ ಹತ್ತಿರ ಮಾತಾಡಿದೆ, ಒಂದೂ ನೆನಪಿಲ್ಲ. ಅಂಗಳದಲ್ಲಿ ಯಾರೋ ಬಿಟ್ಟುಹೋದ ಒಂದು ಜೊತೆ ಚಪ್ಪಲಿ ನೆನಪಿದೆ. ಅಪ್ಪ ಬಂದು, ಭಾವನ ಮನೆಯವರು ಅವನಿಗೆ ನಿನ್ನನ್ನೇ ಕೊಡಿ ಎಂದು ಕೇಳುತ್ತಿದ್ದಾರೆ, ಕೂಸಿನ ಮುಖ ನೋಡಬೇಕಲ್ಲ, ನೀನೇನಂತಿ ಎಂದ. ನಿಮಗೆ ತಿಳಿದಂತೆ ಮಾಡಿ ಅಂದೆ. ಅಂದದ್ದೂ ನೆನಪಿದೆ, ಅನ್ನುವಾಗ ಏನೂ ಅನ್ನಿಸದೇ ಇದ್ದದ್ದೂ ನೆನಪಿದೆ. ಬಾವಿಗೆ ಹಾರು ಅಂದಿದ್ದರೂ ಅದೇ ದನಿಯಲ್ಲಿ ಹೂಂ ಅಂತಿದ್ದೆ.

ಅಕ್ಕನ ಶಿವಗಣಾರಾಧನೆ ಮುಗಿದ ದಿನ ಮಧ್ಯಾಹ್ನ ಚಿತ್ತಾಪುರದ ಪಡಸಾಲೆಯಲ್ಲಿ ಹಿರಿಯರು ಕುಳಿತರು. ಭಾವನ ದೊಡ್ಡಪ್ಪನದೇ ಮುಂದಾಳತನ. ಅಪ್ಪ ಎದುರಿಗಿದ್ದ. ಭಾವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ನಾನು ಒಳಬಾಗಿಲಿನ ಬಳಿ ಕುಳಿತಿದ್ದೆ, ನನ್ನ ಹಿಂದೆ ಚಿಕ್ಕವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ನಿಂತಿದ್ದಳು. ವರ್ಷದೊಳಗೆ ಮುಗಿಸಿಬಿಡುವುದು ಒಳ್ಳೆಯದೆಂದು ಮಾತಾಯಿತು. ಅಕ್ಕನ ಒಡವೆ ನನಗೇ ಇರಲಿ ಎಂದಾಯಿತು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸಿ ಗಂಡನ ಮನೆಯವರು ಬೇರೆ ಹೆಸರಿಡುವುದುಂಟು. ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ ಆ ಮಾತು ತೆಗೆದರು.

'ಹೆಸರು ಸುದ್ದಾ ಅಕ್ಕಂದೇ ಇಡೋಣು. ಕೂಸಿಗೆ ಫರಕ್ ತಿಳಿಯಂಗಿಲ್ಲ' ಅಂದರು.

ಎಲ್ಲರೂ ತಲೆಯಾಡಿಸಿದರು. ಅವರು ಕೆಟ್ಟವರಲ್ಲ, ಅವರಿಗೆ ಅದು ಕರುಣೆಯಂತೆಯೇ ಕಂಡಿರಬೇಕು. ಚಿಕ್ಕವ್ವ ನನ್ನನ್ನು ದಾಟಿಕೊಂಡು ಪಡಸಾಲೆಗೆ ಬಂದಳು. ಹಿರಿಯರೆದುರು ಅವಳು ಬಾಯಿ ತೆರೆದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

'ಒಂದ್ ಮಾತು ಕೇಳ್ತೀನ್ರಿ. ನನ್ನ ಹೆಸರೇನು?'

ದೊಡ್ಡಪ್ಪ ಅವಳ ಮುಖ ನೋಡಿದರು. ಇದೇನು ಕೇಳುತ್ತಿದ್ದಾಳೆ ಎಂದು ಕೊಂಚ ನಕ್ಕು, ಹೆಸರು ಹೇಳಿದರು. ಊರಿಗೆಲ್ಲ ಗೊತ್ತಿದ್ದ ಹೆಸರು, ರೇಷನ್ ಕಾರ್ಡಿನಲ್ಲಿರುವ ಹೆಸರು.

'ಅದು ನಮ್ಮಕ್ಕನ ಹೆಸರ್ರಿ. ನನ್ನ ಹೆಸರು?'

ದೊಡ್ಡಪ್ಪ ಅಪ್ಪನ ಕಡೆ ನೋಡಿದರು. ನನಗೆ ಆಗ ಹೊಳೆಯಿತು. ನಮ್ಮವ್ವನ ಹೆಸರು, ಚಿಕ್ಕವ್ವನ ಹೆಸರು ಒಂದೇ. ಅಕ್ಕತಂಗಿಯರಿಗೆ ಯಾರಾದರೂ ಒಂದೇ ಹೆಸರಿಡುತ್ತಾರೆಯೇ? ಇಷ್ಟು ವರ್ಷ ಆ ಪ್ರಶ್ನೆಯೇ ನನ್ನ ತಲೆಗೆ ಬಂದಿರಲಿಲ್ಲ, ನಮಗೆ ಅವಳು ಚಿಕ್ಕವ್ವ. ಅವಳ ತವರಿನಲ್ಲಿಯೂ ಎಲ್ಲರೂ ಅವಳನ್ನು 'ಸಣ್ಣಾಕಿ' ಎನ್ನುತ್ತಿದ್ದರು. ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಚಾಪೆಯ ಅಂಚು ಹಿಡಿದು ನೋಡುತ್ತಿದ್ದ. ಅಕ್ಷತೆಯ ಮುಂಚೆ ಯಾರೋ ಒಮ್ಮೆ ಹೇಳಿರಬಹುದು, ಅವನಿಗೆ ನೆನಪಿರಲಿಲ್ಲ. ಅವನ ಮುಖ ನೋಡಿದರೆ ನೆನಪಿಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯುತ್ತಿತ್ತು.

'ಎರಡನೇ ಸಲ ತೆಗೆದ ಪಿಚ್ಚರ್ ಹೆಂಗಿರ್ತದ ಅಂತ ನನಗ ಗೊತ್ತದ' ಅಂದಳು ಚಿಕ್ಕವ್ವ. ದನಿ ಏರಿರಲಿಲ್ಲ, ಕೂಸು ಹೆಗಲ ಮೇಲೆ ಮಲಗಿತ್ತು. 'ಅದರಾಗ ನಾನೇ ಪಾರ್ಟ್ ಮಾಡೀನಿ. ಈ ಹುಡುಗಿನ್ನ ಅದರಾಗ ಹಾಕಬ್ಯಾಡ್ರಿ. ಕೂಸಿನ್ನ ನಾ ಒಯ್ತೀನಿ, ನಡಿಯೂತನಾ ಜ್ವಾಕಿ ಮಾಡ್ತೀನಿ. ನಿಮ್ಮ ಹುಡುಗಗ ಬ್ಯಾರೆ ಮನಿ ಹೆಣ್ಣು ತರ್ರಿ. ಆಕಿ ಹೆಸರು ಆಕಿಗೇ ಬಿಡ್ರಿ.'

ದೊಡ್ಡಪ್ಪನವರಿಗೆ ಸಿಟ್ಟು ಬಂತು. ಪಿಚ್ಚರ್ ಗಿಚ್ಚರ್ ಅಂತ ಇಲ್ಲಿ ಏನು ತಂದಿದ್ದೀ, ಹೆಂಗಸರು ನ್ಯಾಯ ಹೇಳುವ ಕಾಲ ಬಂತೇನು ಎಂದು ಎಲೆ ಕೆಳಗಿಟ್ಟರು. ಹುಡುಗಿಯೇ ಹೂಂ ಅಂದಿದ್ದಾಳಲ್ಲ ಎಂದು ಅಪ್ಪನನ್ನು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಹೌದೂ ಬರಲಿಲ್ಲ, ಅಲ್ಲವೂ ಬರಲಿಲ್ಲ. ಆಗ ಕಂಬಕ್ಕೆ ಒರಗಿದ್ದ ಭಾವ ಮೊದಲ ಸಲ ಮಾತಾಡಿದ. 'ನನಗೂ ಬ್ಯಾಡ ದೊಡ್ಡಪ್ಪ' ಅಂದ. 'ಇಕಿನ್ನ ನೋಡಿದಾಗೆಲ್ಲ ಆಕಿನ್ನ ಹುಡುಕಬೇಕಾಗ್ತದ.' ಅಷ್ಟು ಹೇಳಿ ಎದ್ದು ಹೊರಗೆ ಹೋದ. ಕುಳಿತವರು ಒಬ್ಬೊಬ್ಬರಾಗಿ ಎದ್ದರು.

ಸಂಜೆಯ ಪ್ಯಾಸೆಂಜರಿನಲ್ಲಿ ನಾವು ವಾಡಿಗೆ ಬಂದು ಇಳಿದೆವು. ಶಹಾಬಾದಿನ ಗಾಡಿಗೆ ಕಾಯಬೇಕಿತ್ತು. ಅಪ್ಪ ಪ್ಲಾಟ್‌ಫಾರಂನಲ್ಲಿ ಬೇರೆ ಬೆಂಚಿನ ಮೇಲೆ ನಮಗೆ ಬೆನ್ನು ಮಾಡಿ ಕುಳಿತ. ಚಿಕ್ಕವ್ವ ಕೂಸಿಗೆ ಬಾಟಲಿ ಹಿಡಿದಿದ್ದಳು. ಅವಳು ಆವತ್ತು ನನ್ನನ್ನು ಬಿಡಿಸಿಕೊಂಡಳು, ಖರೆ. ಅದಕ್ಕಾಗಿ ತನ್ನ ಸಂಸಾರ ಎಂಥದ್ದೆಂದು ಹತ್ತು ಜನರೆದುರು, ತನ್ನ ಗಂಡನೆದುರು ಹೇಳಬೇಕಾಯಿತು. ಹೇಳಿದ ಮೇಲೆ ಅದೇ ಮನೆಗೆ ಹೋಗಿ ಅವನಿಗೆ ರಾತ್ರಿಯ ಊಟ ಬಡಿಸಬೇಕಿತ್ತು.

'ಚಿಕ್ಕವ್ವ, ನಿನ್ನ ಹೆಸರೇನು?' ಎಂದು ಕೇಳಿದೆ.

'ಈಗ ತಗೊಂಡು ಏನ್ ಮಾಡ್ತಿ?' ಅಂದಳು. 'ಚಿಕ್ಕವ್ವ ಅನ್ನು. ಅದು ಒಂದು ನಂದು.'

ನಾನು ಮತ್ತೆ ಕೇಳಲಿಲ್ಲ. ಅಪ್ಪನೂ ಕೇಳಲಿಲ್ಲ, ಅಥವಾ ಕೇಳಿದ್ದನೋ ಏನೋ, ನನಗೆ ತಿಳಿಯದು. ಅವರಿಬ್ಬರ ನಡುವೆ ಆಮೇಲೆ ಜಗಳವಾಗಲಿಲ್ಲ. ಬೇಕಾದಷ್ಟೇ ಮಾತು. ಭಾವ ಮುಂದೆ ಐನಾಪುರದ ಹೆಣ್ಣನ್ನು ಮದುವೆಯಾದ. ಆಕೆ ತನ್ನ ಹೆಸರಿನೊಂದಿಗೇ ಬಂದಳು. ಕೂಸು ನಡೆಯಲು ಕಲಿತು, ಮಾತು ಕಲಿತು, ಚಿಕ್ಕವ್ವನ ಕೈಹಿಡಿದು ಚಿತ್ತಾಪುರಕ್ಕೆ ಹೋಯಿತು. ಅದನ್ನು ಬಿಟ್ಟು ಬಂದ ವಾರ ಚಿಕ್ಕವ್ವ ಯಾವ ಪಿಚ್ಚರಿಗೂ ಹೋಗಲಿಲ್ಲ. ನಾನು ಸೇಡಂಗೆ ಕೆಲಸಕ್ಕೆ ಬಂದೆ. ಮಳಖೇಡದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬರನ್ನು ನಾನೇ ನೋಡಿ, ನಾನೇ ಒಪ್ಪಿ ಮದುವೆಯಾದೆ. ಅವರೊಂದಿಗೆ ಜಗಳವಾಡುತ್ತೇನೆ, ಅವರ ಗೊರಕೆಯನ್ನು ಬೈಯುತ್ತೇನೆ. ನಾಳೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಈ ಗೊತ್ತಿಲ್ಲದ ಬದುಕು ಚಿಕ್ಕವ್ವ ನನಗೆ ಕೊಡಿಸಿದ್ದು. ತಾಯಿಯ ಋಣ ತೀರದು ಅನ್ನುತ್ತಾರೆ. ನಮ್ಮವ್ವನ ಋಣ ಹೇಗಿರುತ್ತಿತ್ತೋ ತಿಳಿಯದು, ಇದನ್ನಂತೂ ದಿನಾ ಬೆಳಿಗ್ಗೆ ಎದ್ದು ನನ್ನ ಮನೆಯ ಬಾಗಿಲು ತೆಗೆಯುವಾಗ ಕಾಣುತ್ತೇನೆ.

ಕೊನೆಯ ವರ್ಷಗಳಲ್ಲಿ ಟಾಕೀಸುಗಳು ಮುಚ್ಚಿ, ಅವಳ ಪಿಚ್ಚರುಗಳೆಲ್ಲ ಫೋನಿಗೆ ಬಂದವು. ಚಿತ್ತಾಪುರದ ಮೊಮ್ಮಗಳು ಬಂದಾಗ ಹಾಕಿಕೊಡುತ್ತಿದ್ದಳು. ಅಸಲಿ ಮತ್ತು ರಿಮೇಕು ಎರಡನ್ನೂ ಒಂದಾದ ಮೇಲೊಂದು ನೋಡಬಹುದೆಂದು ತಿಳಿದಾಗ ಚಿಕ್ಕವ್ವನಿಗೆ ಸಂತೋಷವೇನೂ ಆಗಲಿಲ್ಲ. ಪಾಪ, ಎರಡನೆಯದಕ್ಕೆ ಈಗ ತಲೆಮರೆಸಿಕೊಳ್ಳಲು ಜಾಗವೇ ಉಳಿಯಲಿಲ್ಲ ಎಂದಳು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ.

ನಾನು ಶಹಾಬಾದಿಗೆ ಹೋಗುವಷ್ಟರಲ್ಲಿ ಅವಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ತಲೆಯ ಮೇಲೆ ಸೆರಗು ಹೊದಿಸಿದ್ದರು. ಅವಳ ನೆತ್ತಿಯ ಮೇಲಿದ್ದ ಗೋಡೆಯಲ್ಲೇ ನಮ್ಮವ್ವನ ಫೋಟೋ. ಬಂದವರು ಅದನ್ನೂ ಇವಳನ್ನೂ ನೋಡಿ, ಥೇಟ್ ಅಕ್ಕನೇ,  ಸತ್ತಮೇಲೂ ಹಾಗೇ ಎಂದರು. ಓಣಿಯ ಹೆಂಗಸರು ನನ್ನ ಭುಜ ಅಲುಗಿಸಿ, ಅಳು ತಂಗಿ, ನೀನಲ್ಲದೆ ಅವಳಿಗೆ ಅಳುವವರು ಯಾರಿದ್ದಾರೆ ಎಂದರು. ಅಳು ಬರಲಿಲ್ಲ. ಬಂತೆಂದು ಬರೆದರೆ ಸುಳ್ಳಾಗುತ್ತದೆ, ಸುಳ್ಳು ಅಳುವನ್ನು ಅವಳು ಎಷ್ಟು ಬೇಗ ಗುರುತಿಸುತ್ತಿದ್ದಳೆಂದು ನನಗೆ ಗೊತ್ತಿದೆ. ಅಪ್ಪ ಮೂಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ. ನಾನು ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ.

ಇನ್ನೇನು ಎತ್ತಬೇಕು ಅನ್ನುವಾಗ ಕುಂಚಾವರಂ ಕಡೆಯಿಂದ ಒಂದು ಜೀಪು ಬಂತು. ಅದರಿಂದ ಒಬ್ಬ ಮುದುಕಿ ಇಳಿದಳು, ನಾನು ಅವಳನ್ನು ಯಾವತ್ತೂ ನೋಡಿರಲಿಲ್ಲ. ಚಿಕ್ಕವ್ವನ ಜೊತೆ ದನ ಕಾಯುತ್ತಿದ್ದ ಗೆಳತಿಯಂತೆ, ಜೊತೆಗೆ ಬಂದವರು ಹೇಳಿದರು. ಮುದುಕಿ ಯಾರನ್ನೂ ಮಾತಾಡಿಸದೆ ನೇರ ಹೋಗಿ ಚಿಕ್ಕವ್ವನ ಎದುರು ಕುಳಿತು, ಅವಳ ಎರಡೂ ಮೊಣಕಾಲು ಹಿಡಿದುಕೊಂಡು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒಂದು ಹೆಸರು ಕೂಗಿ ಅಳತೊಡಗಿದಳು. ಎದ್ದೇಳೇ, ನನ್ನ ಬಿಟ್ಟು ಎಲ್ಲಿಗೆ ಹೋದೀ ಎಂದು ಮತ್ತೆ ಮತ್ತೆ ಅದೇ ಹೆಸರು. ಸಣ್ಣ ಹೆಸರು, ಹುಡುಗಿಯರಿಗೆ ಇಡುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದಾಗ ಅವಳೇ ನನಗೆ ಕೊಟ್ಟಿರಲಿಲ್ಲ.

ಅಪ್ಪ ಕಿವಿಯ ಹಿಂದೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಆಲಿಸಿದ. ಆಮೇಲೆ ನನ್ನ ಕಡೆ ಬಗ್ಗಿದ.

'ಆ ಮುದುಕಿ ಯಾರನ್ನ ಕರೀಲಿಕತ್ತಾಳ?' ಎಂದು ಕೇಳಿದ.

'ಚಿಕ್ಕವ್ವನ್ನ, ಅಪ್ಪ' ಅಂದೆ.